‘ಸೃಷ್ಟಿಸಿದ’ ಎಂದು ಬರೆಯುವ ಮೊದಲು

ಪ್ರೀತಿಯ ಗೆಳೆಯರೆ,

ಜಗತ್ತಿನ ಹುಟ್ಟಿನ ಬಗ್ಗೆ ಗ್ರೀಕರೂ ಕ್ರೈಸ್ತರೂ ಏನೆಂದರು ಎಂಬ ನಿಮ್ಮ ಲೇಖನದ ಕರಡು ಓದಿದೆ. ಪ್ಲೇಟೋ, ಅರಿಸ್ಟಾಟಲ್, ಕ್ರೈಸ್ತ ಚಿಂತಕ ಅಗಸ್ಟೀನ್ ಮೂವರಿಗೂ ‘ಸೃಷ್ಟಿ’ ಎಂಬ ಒಂದೇ ಮಾತು ಬಳಸಿದ್ದೀರಿ. ಅವರ ನಡುವಿನ ತಕರಾರೆಲ್ಲ ಇರುವುದು ಆ ಮಾತಿನಲ್ಲೇ.

ಪ್ಲೇಟೋನ ‘ಟಿಮಾಯಸ್’ ಕೃತಿಯಲ್ಲಿ ಬರುವ ದೇವರು ಡೆಮಿಯೂರ್ಗೋಸ್, ಅಂದರೆ ಕಸುಬುದಾರ. ಅವನು ಕೈಹಾಕುವ ಮೊದಲೇ ಶಾಶ್ವತ ಮಾದರಿಯಿದೆ, ಕ್ರಮವಿಲ್ಲದೆ ತುಯ್ದಾಡುವ ದ್ರವ್ಯವಿದೆ. ಮಾದರಿ ನೋಡಿಕೊಂಡು ಅವನು ಅದನ್ನು ಅಣಿಗೊಳಿಸುತ್ತಾನೆ. ನಮ್ಮ ದರ್ಶನಗಳ ಮಾತಿನಲ್ಲಿ ಅವನು ನಿಮಿತ್ತ ಕಾರಣ ಮಾತ್ರ, ಉಪಾದಾನ ಕಾರಣವಲ್ಲ, ಕುಂಬಾರ, ಮಣ್ಣಲ್ಲ. ಹಾಗಾಗಿ ಅವನನ್ನು ‘ಬ್ರಹ್ಮ’ ಎಂದು ಅನುವಾದಿಸಿದ್ದನ್ನು ತೆಗೆದುಬಿಡಿ. ಅರಿಸ್ಟಾಟಲ್‌ಗಂತೂ ‘ಮಾಡಿದ’ ಎಂಬ ಕ್ರಿಯಾಪದವೇ ಬೇಡ: ಅವನ ಜಗತ್ತಿಗೆ ಹುಟ್ಟಿಲ್ಲ. ಹಾಗಾಗಿ ‘ಗ್ರೀಕರು ನಂಬಿದ್ದರು’ ಎಂದು ಶುರುವಾಗುವ ವಾಕ್ಯ ಯಾವುದೂ ನಿಲ್ಲದು.

ಕ್ರೈಸ್ತರ ಭಾಗದಲ್ಲಿ ಇನ್ನೂ ದೊಡ್ಡ ತಪ್ಪಿದೆ. ದೇವರು ಜಗತ್ತನ್ನು ‘ಶೂನ್ಯದಿಂದ’ ಸೃಷ್ಟಿಸಿದ ಎಂಬ ಮಾತು ಬೈಬಲಿನ ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಇಲ್ಲ. ಅಲ್ಲಿ ಎರಡನೆಯ ವಚನದಲ್ಲೇ ಕ್ರಮವಿಲ್ಲದ ಭೂಮಿ, ಕತ್ತಲು, ಆಳವಾದ ನೀರು ಕಾಣುತ್ತವೆ. ಕ್ರಿ.ಶ. 155ರ ಸುಮಾರಿಗೆ ಕ್ರೈಸ್ತ ಚಿಂತಕ, ಹುತಾತ್ಮ ಜಸ್ಟಿನ್, ದೇವರು ರೂಪವಿಲ್ಲದ ದ್ರವ್ಯದಿಂದ ಜಗತ್ತನ್ನು ಮಾಡಿದನೆಂದೇ ಬರೆದ. ಪ್ಲೇಟೋ ಇದನ್ನು ಮೋಶೆಯಿಂದ ಪಡೆದನೆಂದೂ ಸೇರಿಸಿದ. 180ರ ಸುಮಾರಿಗೆ ಅಂತಿಯೋಕ್ಯದ ಬಿಷಪ್ ಥಿಯೋಫಿಲಸ್ ಈ ಮಾತಿಗೆ ತಿರುಗಿಬಿದ್ದು ಕೇಳಿದ: ದ್ರವ್ಯಕ್ಕೂ ಹುಟ್ಟಿಲ್ಲವೆಂದರೆ ಅದು ದೇವರಿಗೆ ಸಮನಾಯಿತಲ್ಲ? ಇದ್ದ ಸಾಮಗ್ರಿಯಿಂದ ಮಾಡುವುದು ಮನುಷ್ಯ ಕಸುಬಿಗನಿಗೂ ಸಾಧ್ಯ, ಅದರಲ್ಲಿ ದೇವರ ದೊಡ್ಡಸ್ತಿಕೆ ಏನು? ಈ 25 ವರ್ಷಗಳೇ ನಿಮ್ಮ ಲೇಖನದ ಜೀವ. ನೀವು ಅರ್ಧ ವಾಕ್ಯದಲ್ಲಿ ದಾಟಿದ್ದೀರಿ. ಇಡೀ ಒಂದು ಪುಟ ಕೊಡಿ.

ಅಗಸ್ಟೀನ್ ಬಗ್ಗೆ ಬರೆಯುವಾಗ ‘ಮೊದಲು’, ‘ಆಗ’ ಎಂಬ ಪದಗಳ ಮೇಲೆ ಕಣ್ಣಿಡಿ. ‘ಕನ್ಫೆಷನ್ಸ್’ ಹನ್ನೊಂದನೆಯ ಭಾಗದಲ್ಲಿ ಅವನು ಹೇಳುವುದು ಕಾಲವೂ ಸೃಷ್ಟಿಯಾದದ್ದೇ ಎಂದು. ‘ಸೃಷ್ಟಿಗೆ ಮೊದಲು ದೇವರೊಬ್ಬನೇ ಇದ್ದ ಕಾಲದಲ್ಲಿ’ ಎಂಬ ನಿಮ್ಮ ಸಾಲು ಅವನ ವಾದವನ್ನೇ ಕೆಡವುತ್ತದೆ.

529ರಲ್ಲಿ ಅಲೆಕ್ಸಾಂಡ್ರಿಯಾದ ಕ್ರೈಸ್ತ ತತ್ತ್ವಜ್ಞಾನಿ ಫಿಲೋಪೋನಸ್ ಮಾಡಿದ ವಾದವನ್ನು ಬಿಡಬೇಡಿ. ಅನಂತವಾದುದನ್ನು ದಾಟಿ ಮುಗಿಸಲಾಗದು ಎಂಬುದು ಅರಿಸ್ಟಾಟಲ್‌ನದೇ ಸೂತ್ರ. ಕಳೆದ ಕಾಲ ಅನಂತವಾಗಿದ್ದರೆ ಈ ದಿನ ಬಂದದ್ದು ಹೇಗೆ ಎಂದು ಫಿಲೋಪೋನಸ್ ಅದೇ ಸೂತ್ರ ಹಿಡಿದು ಕೇಳಿದ. ಎಂಥ ಸೊಗಸಾದ ಪೆಟ್ಟು! ಆದರೆ ಇದರಿಂದ ಪ್ರಶ್ನೆ ಇತ್ಯರ್ಥವಾಯಿತು ಎಂದು ಬರೆಯಬೇಡಿ. 13ನೆಯ ಶತಮಾನದಲ್ಲಿ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್, ಜಗತ್ತಿಗೆ ಆರಂಭವಿದೆ ಎಂಬುದು ನಂಬಿಕೆಯ ಮಾತು, ತರ್ಕದಿಂದ ಸಾಧಿಸಲಾಗದು ಎಂದ. ಅವನಿಗೆ ಸೃಷ್ಟಿಯೆಂದರೆ ಇರುವಿಕೆಗಾಗಿ ದೇವರನ್ನು ಅವಲಂಬಿಸುವುದು. ಆರಂಭವಾಗುವುದು ಬೇರೆ ಸಂಗತಿ.

ಮೊದಲು ಕ್ರಿಯಾಪದಗಳನ್ನಷ್ಟೇ ತಿದ್ದಿ ಕಳಿಸಿ. ಉಳಿದದ್ದನ್ನು ಆಮೇಲೆ ನೋಡೋಣ.