ಬುಪಿವಕೇನ್ ಮತ್ತು ನಿನ್ನ ಭಯ

ಚಿ. ಸುಧಾಳಿಗೆ ಮಾವನ ಆಶೀರ್ವಾದಗಳು.

ಊರಿನ ಸಮಾಚಾರವೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ನಿನ್ನ ಕಾಗದದ ಒಂದೇ ಸಾಲು ನನ್ನನ್ನು ಕಾಡುತ್ತಿದೆ: ‘ನರ ಮರಗಟ್ಟಿಸುವ ಔಷಧಿ ಹೃದಯವನ್ನೂ ನಿಲ್ಲಿಸಿಬಿಟ್ಟರೆ?’

ನಿಲ್ಲಿಸಬಲ್ಲದು, ಮಗು. ಬುಪಿವಕೇನ್ ಅಂಥ ಔಷಧಿಯೇ. ಅದು ಮುಚ್ಚುವ ಸೋಡಿಯಂ ಚಾನಲ್, ಅಂದರೆ ಸಂಕೇತ ಹುಟ್ಟಲು ಸೋಡಿಯಂ ಒಳಬಿಡುವ ಪೊರೆಯ ಬಾಗಿಲು, ನರದಲ್ಲೂ ಹೃದಯದಲ್ಲೂ ಇದೆಯಲ್ಲ. ಔಷಧಿಯ ಚಾರ್ಜ್ ಇಲ್ಲದ ಅಣು ಪೊರೆ ದಾಟಿ ಒಳಹೊಕ್ಕು, ಅಲ್ಲಿ ಪ್ರೋಟಾನ್ ಪಡೆದು, ಒಳಗಡೆಯಿಂದ ಚಾನಲ್ಲಿನ ರಂಧ್ರಕ್ಕೆ ಅಂಟುತ್ತದೆ. ಚಾನಲ್ ವಿಶ್ರಾಂತಿಯಲ್ಲಿದ್ದಾಗ ಹಿಡಿತ ಸಡಿಲ. ತೆರೆದಾಗ, ತೆರೆದು ನಿಷ್ಕ್ರಿಯವಾದಾಗ ಬಿಗಿ. ಅಂಟಿಕೊಂಡಿರುವಷ್ಟು ಹೊತ್ತು ಚಾನಲ್ ನಿಷ್ಕ್ರಿಯ ಸ್ಥಿತಿಯಿಂದ ಸುಲಭವಾಗಿ ಹೊರಬರದು. ಹಾಗಾಗಿ ಪದೇಪದೇ ಕೆಲಸ ಮಾಡುವ ಚಾನಲ್ಲಿಗೇ ಪೆಟ್ಟು ಹೆಚ್ಚು. ಹೃದಯಕ್ಕೆ ಬಿಡುವೆಲ್ಲಿದೆ?

ಆದರೆ ಬಿಟ್ಟುಹೋಗುವ ವೇಗ ನೋಡು. ಹೃದಯದ ಸ್ನಾಯುವಿನ ಮೇಲೆ ಕ್ಲಾರ್ಕ್‌ಸನ್ ಮತ್ತು ಹೊಂಡೆಗೆಮ್ 1985ರಲ್ಲಿ ತೋರಿಸಿದಂತೆ, ಅದೇ ಜಾತಿಯ ಲಿಗ್ನೊಕೇನ್‌ನಿಂದ ಚಾನಲ್ಲಿನ ಚೇತರಿಕೆಯ ಕಾಲಾಂಕ (ಸುಮಾರು ಮೂರರಲ್ಲಿ ಎರಡು ಪಾಲು ಬಿಡುಗಡೆಗೆ ಬೇಕಾದ ಹೊತ್ತು) ಸುಮಾರು 0.15 ಸೆಕೆಂಡ್, ಬುಪಿವಕೇನ್‌ನಿಂದ ಸುಮಾರು 1.5 ಸೆಕೆಂಡ್. ನಿಮಿಷಕ್ಕೆ 75 ಬಡಿತವೆಂದರೆ ಒಂದರಿಂದ ಇನ್ನೊಂದಕ್ಕೆ 0.8 ಸೆಕೆಂಡ್. ಲಿಗ್ನೊಕೇನ್ ಅಷ್ಟರಲ್ಲಿ ಬಹುಪಾಲು ಕಳಚಿಕೊಳ್ಳುತ್ತದೆ. ಬುಪಿವಕೇನ್ ಬಡಿತದಿಂದ ಬಡಿತಕ್ಕೆ ಜಮೆಯಾಗುತ್ತದೆ, ಇಸಿಜಿಯಲ್ಲಿ ಕುಹರಗಳ ಅಲೆಯಾದ ಕ್ಯೂಆರ್‌ಎಸ್ ಅಗಲವಾಗುತ್ತದೆ. ನಿನ್ನ ಭಯಕ್ಕೆ ಆಧಾರವಿರುವುದು ಇಲ್ಲಿ.

ನೀನು ಓದಿದವಳು, ಆದರೂ ಹೇಳುತ್ತೇನೆ. ಬುಪಿವಕೇನ್ ಕೆಜಿಗೆ 2 ಮಿಗ್ರಾಂ ಎಂದಿಟ್ಟುಕೊ. 50 ಕೆಜಿಯವರಿಗೆ 0.5%ದ್ದು 20 ಮಿಲೀ, ಅಷ್ಟೇ. 3ರಿಂದ 5 ಮಿಲೀ ಹಾಕು, ನಿಲ್ಲು, ಸಿರಿಂಜ್ ಹಿಂದಕ್ಕೆಳೆದು ನೋಡು. ರಕ್ತ ಬರಲಿಲ್ಲವೆಂದು ಪೂರ್ತಿ ನಂಬಬೇಡ, ಸೂಜಿಯ ತುದಿ ಸರಿದಿರಬಹುದು. ರೋಗಿಯನ್ನು ಮಾತಾಡಿಸುತ್ತಿರು: ತುಟಿ ಜೋಮು, ಬಾಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್ ಎಂದರೆ ತಕ್ಷಣ ನಿಲ್ಲಿಸು.

ನಮ್ಮ ಕಾಲದ ಟ್ರಾಲಿಯಲ್ಲಿ ಈ ವಿಷಕ್ಕೆ ಮದ್ದಾದ ಲಿಪಿಡ್ (ರಕ್ತನಾಳಕ್ಕೆ ಕೊಡುವ ಕೊಬ್ಬಿನ ದ್ರವ) ಇರಲಿಲ್ಲ. ಅಮೆರಿಕದ ಅರಿವಳಿಕೆ ತಜ್ಞ ವೈನ್‌ಬರ್ಗ್ ಅದರ ಬಗ್ಗೆ ಇಲಿಗಳ ಮೇಲಿನ ಕೆಲಸ ಪ್ರಕಟಿಸಿದ್ದೇ 1998ರಲ್ಲಿ. ಮೊದಲೇ ಗೊತ್ತಿದ್ದಿದ್ದರೆ ಎಂಬ ಕೊರಗು ನನಗೆ ಹೋಗಿಲ್ಲ. ನಿನ್ನ ಕೈಗೆ ಅದು ಸಿಗುತ್ತದೆ: 20% ಲಿಪಿಡ್ ಎಮಲ್ಷನ್, ಮೊದಲ ಡೋಸಾಗಿ (ಬೋಲಸ್) ಕೆಜಿಗೆ 1.5 ಮಿಲೀ, ಆಮೇಲೆ ನಿಮಿಷಕ್ಕೆ ಕೆಜಿಗೆ 0.25 ಮಿಲೀ. ಬೀರುವಿನ ಬೀಗದ ಕೈ ಯಾರ ಹತ್ತಿರವಿದೆ ಎಂದು ಬ್ಲಾಕ್ (ನರದ ಬಳಿ ಈ ಚುಚ್ಚುಮದ್ದು) ಕೊಡುವ ಮುಂಚೆಯೇ ವಿಚಾರಿಸಿಕೊ.

ಹೃದಯದ ಮಾತಿಗೇ ಮತ್ತೆ ಬರುತ್ತೇನೆ. ಏನಾದರೂ ಆದರೆ ಮೊದಲು ಆಮ್ಲಜನಕ ಕೊಡು, ಫಿಟ್ಸ್ ಬಂದರೆ ಮಿಡಜೊಲಾಮ್‌ನಿಂದ ನಿಲ್ಲಿಸು. ಆಸಿಡೋಸಿಸ್ ಆದಷ್ಟೂ, ಅಂದರೆ ರಕ್ತ ಆಮ್ಲೀಯವಾದಷ್ಟೂ, ವಿಷ ಬಿಗಿಯುತ್ತದೆ. ಅಡ್ರಿನಲಿನ್ ಒಮ್ಮೆಗೆ ಕೆಜಿಗೆ 1 ಮೈಕ್ರೊಗ್ರಾಂ ಮೀರದಿರಲಿ. ಬಡಿತ ತಪ್ಪಿತೆಂದು ಅಭ್ಯಾಸಬಲದಿಂದ ಲಿಗ್ನೊಕೇನ್ ಕೊಡಬೇಡ, ಅದೂ ಅದೇ ಚಾನಲ್ಲನ್ನೇ ಮುಚ್ಚುತ್ತದೆ. ಸಿಪಿಆರ್ ಬೇಗ ಕೈಬಿಡಬೇಡಿ, ಬುಪಿವಕೇನ್ ಕಳಚಿಕೊಳ್ಳಲು ಹೊತ್ತು ಬೇಕು.

ಇಂತಿ,
ನಿನ್ನ ಮಾವ