ಎಳೆದರೆ ಸಾಲದು, ನಿಲ್ಲಿಸಲೂ ಬೇಕು

ಮಾನ್ಯರೇ,

ಕಬ್ಬು ನುರಿಸುವ ಹಂಗಾಮಿನಲ್ಲಿ ಮುಧೋಳ, ಜಮಖಂಡಿ, ಅಥಣಿ ಕಡೆ ಒಂದು ಎಂಜಿನ್ನಿಗೆ (ಅಂದರೆ ಟ್ರ್ಯಾಕ್ಟರಿಗೆ) ಎರಡು ಡಬ್ಬಿ (ಟ್ರೇಲರ್) ಹಚ್ಚುವುದು ರೂಢಿ. ‘ನಮ್ಮ ಎಂಜಿನ್ ಎಷ್ಟು ಹೇರಿದರೂ ಎಳೀತದ’ ಅನ್ನುವುದು ಸುಳ್ಳಲ್ಲ. ಆದರೆ ನಿಲ್ಲಿಸುವ ಲೆಕ್ಕವೇ ಬೇರೆ. 50 ಎಚ್‌ಪಿ ಎಂಜಿನ್ ತೂಗುವುದು ಸುಮಾರು ಎರಡು ಟನ್. ಸಾಮಾನ್ಯವಾಗಿ ಬ್ರೇಕ್ ಇರುವುದು ಅದರ ಹಿಂದಿನ ಎರಡು ಗಾಲಿಗೆ ಮಾತ್ರ, ಎಷ್ಟೋ ಡಬ್ಬಿಗಳಿಗೆ ಬ್ರೇಕೇ ಇಲ್ಲ. ಹಿಂದಿರುವ 20 ಟನ್ನನ್ನೂ ಆ ಎರಡು ಗಾಲಿಗಳೇ ಹಿಡಿದು ನಿಲ್ಲಿಸಬೇಕು. ವೇಗ 15 ಕಿ.ಮೀ.ನಿಂದ 30ಕ್ಕೆ ಏರಿದರೆ, ಬ್ರೇಕ್ ಹಿಡಿದ ಮೇಲೆ ನಿಲ್ಲಲು ನಾಲ್ಕು ಪಟ್ಟು ದೂರ ಬೇಕು.

ಇಳಿಜಾರಿನಲ್ಲಿ ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡುವುದು, ಕ್ಲಚ್ ತುಳಿದೇ ಇಳಿಯುವುದು ಎರಡೂ ಅಪಾಯ. ಎಂಜಿನ್ ಕೊಡುವ ತಡೆ ತಪ್ಪಿ, ಡಬ್ಬಿಗಳು ಹಿಂದಿನಿಂದ ನೂಕುತ್ತವೆ. ಇಳಿಯುವ ಮೊದಲೇ ಕೆಳಗಿನ ಗೇರಿಗೆ ಬರಬೇಕು. ನಡುವೆ ಬದಲಿಸಲು ಹೋದರೆ ಗೇರ್ ಬೀಳದೇ ಇರಬಹುದು. ಎಡ-ಬಲ ಬ್ರೇಕ್ ಪೆಡಲ್‌ಗಳನ್ನು ಜೋಡಿಸುವ ಚಿಲಕವನ್ನು ಹೊಲದಲ್ಲಿ ತೆಗೆದವರು ರಸ್ತೆಗೆ ಬಂದಾಗ ಹಾಕಲು ಮರೆಯುತ್ತಾರೆ. ಆಗ ಒಂದೇ ಗಾಲಿ ಹಿಡಿದು ಎಂಜಿನ್ ಅಡ್ಡ ತಿರುಗುತ್ತದೆ, ಉಳಿದದ್ದನ್ನು ಡಬ್ಬಿಯ ನೂಕು ಮುಗಿಸುತ್ತದೆ.

ಡಬ್ಬಿಯನ್ನು ಎಂಜಿನ್ನಿಗೆ ಜೋಡಿಸುವ ಕೊಂಡಿಯ ಪಿನ್ನನ್ನು ವಾರಕ್ಕೊಮ್ಮೆಯಾದರೂ ಕಿತ್ತು, ಒರೆಸಿ ನೋಡಬೇಕು. ನಡುವೆ ಸವೆದು ಸೊಂಟ ಬಂದಿದ್ದರೆ ಗುಜರಿಗೆ ಹಾಕಿ. ತೂತು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಹೊಸ ಪಿನ್ನೂ ಜರ್ಕಿಗೆ ಬಹಳ ದಿನ ತಾಳದು. ಕ್ಲಿಪ್ ಬದಲು ತಂತಿ ಸುತ್ತುವುದು ಬೇಡ. ಎರಡು ಡಬ್ಬಿಗಳ ನಡುವೆಯೂ ಸೇಫ್ಟಿ ಚೈನ್ ಇರಲಿ.

ಏರಿನಲ್ಲಿ ಮುಂದಿನ ಗಾಲಿ ಎದ್ದರೆ ಬಾನೆಟ್ ಮೇಲೆ ಇಬ್ಬರನ್ನು ಕೂಡಿಸುತ್ತಾರೆ! ಗಾಲಿ ನೆಲ ಬಿಟ್ಟರೆ ಸ್ಟೇರಿಂಗ್ ತಿರುಗಿಸಿ ಫಲವಿಲ್ಲ. ಕೊಂಡಿ ಎತ್ತರದಲ್ಲಿದ್ದಷ್ಟೂ ಮೂತಿ ಏಳುತ್ತದೆ. ಕೊಂಡಿ ತಗ್ಗಿಸಿ, ಮುಂದೆ ಕಬ್ಬಿಣದ ತೂಕ ಕಟ್ಟಿ, ಹೊಲದಿಂದ ಒಂದೊಂದೇ ಡಬ್ಬಿ ಹೊರತನ್ನಿ.

ಎಷ್ಟು ಹೇರಬೇಕು? ಡಬ್ಬಿಯ ಆರ್‌ಸಿಯಲ್ಲಿ (ನೋಂದಣಿ ಪತ್ರದಲ್ಲಿ) ಇರುವ ಒಟ್ಟು ತೂಕದಿಂದ ಖಾಲಿ ತೂಕ ಕಳೆಯಿರಿ, ಅಷ್ಟೇ ಕಬ್ಬು. ಮೊದಲೆರಡು ಟ್ರಿಪ್ಪನ್ನು ಕಡಿಮೆಯೇ ಹೇರಿ, ಕಾರ್ಖಾನೆಯ ಕಾಟಾ (ತೂಕದ ಸೇತುವೆ) ಚೀಟಿ ನೋಡಿಕೊಂಡು, ಮಿತಿಯ ತೂಕ ಬರುವ ಮಟ್ಟಕ್ಕೆ ಡಬ್ಬಿಯ ಕಂಬದ ಮೇಲೆ ಬಣ್ಣದ ಗೆರೆ ಎಳೆಯಿರಿ. ಹೇರುವ ಗ್ಯಾಂಗಿಗೆ ಟನ್ ಕಣ್ಣಿಗೆ ಕಾಣದು, ಗೆರೆ ಕಾಣುತ್ತದೆ. ಹಿಂದೆ ಜೋತುಬಿದ್ದ ಸೋಗೆ ರಿಫ್ಲೆಕ್ಟರ್ ಮುಚ್ಚದಂತೆ ಕತ್ತರಿಸಿ; ಪಂಕ್ಚರ್ ಆದಾಗ ಗಾಲಿಗೆ ಕೊಟ್ಟ ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗಬೇಡಿ.

ಹೆಚ್ಚು ಭಾರಕ್ಕೆ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2,000 ರೂಪಾಯಿ ದಂಡ ಎಂದು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಆದರೆ ಸಾಗಣೆ ಬಾಡಿಗೆ ಟನ್ ಲೆಕ್ಕದಲ್ಲಿ ಸಿಗುವ ತನಕ ಚಾಲಕನೊಬ್ಬನನ್ನೇ ದೂರಿ ಪ್ರಯೋಜನವಿಲ್ಲ. ಪ್ರತಿ ಡಬ್ಬಿಯ ತೂಕ ಕಾರ್ಖಾನೆಯ ಕಾಟಾದಲ್ಲಿ ದಾಖಲಾಗುತ್ತದೆ. ಆರ್‌ಸಿ ಮಿತಿ ಮೀರಿದ ಕಬ್ಬಿಗೆ ರೈತನ ಬಿಲ್ ಪೂರ್ತಿ ಕೊಡಲಿ, ಸಾಗಣೆ ಬಾಡಿಗೆಯನ್ನು ಮಾತ್ರ ಮಿತಿಗೆ ನಿಲ್ಲಿಸಲಿ. ಈ ಷರತ್ತನ್ನು ಹಂಗಾಮಿಗೆ ಮೊದಲು ಮಾಡಿಕೊಳ್ಳುವ ಸಾಗಣೆ ಕರಾರಿನಲ್ಲೇ ಬರೆಯಬೇಕು.

– ಟ್ರ್ಯಾಕ್ಟರ್ ಮೆಕ್ಯಾನಿಕ್, ಜಮಖಂಡಿ