ಹಣ ಕೊಟ್ಟು ಕೊಂಡ ವಿರಹ

ಪ್ರಿಯ ಗೆಳೆಯ,

ನಾಟಕದ ಪ್ರೇಮಿಗಳು ಕೊನೆಯ ಅಂಕದಲ್ಲಿ ಯಾಕೆ ಅಷ್ಟು ಹೊತ್ತು ಸಾಯುತ್ತಾರೆ ಎಂದು ನೀನು ಕೇಳಿದ್ದೆ. ಅದಕ್ಕೆ ಉತ್ತರವೆಂಬಂತೆ ಜಪಾನಿನ ಒಂದು ಹಳೆಯ ಚಿತ್ರಪುಸ್ತಕ ಸಿಕ್ಕಿದೆ. ಇಂದಿನ ಟೋಕಿಯೊ ಎದೋ ಎನಿಸಿಕೊಂಡಿದ್ದ ಕಾಲದಲ್ಲಿ, 1785ರಲ್ಲಿ, ಮರದ ಅಚ್ಚಿನಿಂದ ಮುದ್ರಣವಾದದ್ದು. ಬರೆದವನೂ ಚಿತ್ರ ಬಿಡಿಸಿದವನೂ ಸಾಂತೋ ಕ್ಯೋದೆನ್ ಒಬ್ಬನೇ.

ಕಥಾನಾಯಕ ಎಂಜಿರೋ ಸಿರಿವಂತ ವರ್ತಕನ ಒಬ್ಬನೇ ಮಗ. ದುರಂತ ಪ್ರೇಮದ ರಂಗಗೀತೆಗಳನ್ನು ಓದಿ ಓದಿ, ತನಗೂ ಅಂಥ ಹೆಸರು ಬರಬೇಕೆಂಬ ಹಂಬಲ ಅವನದು. ಇಲ್ಲದ ಪ್ರೇಯಸಿಯರ ಹೆಸರುಗಳನ್ನು ತೋಳಿನ ಮೇಲೆ ಹಚ್ಚೆ ಹಾಕಿಸಿಕೊಳ್ಳುತ್ತಾನೆ. ಕೆಲವಾದರೂ ಅಳಿಸಿದಂತೆ ಕಾಣದಿದ್ದರೆ ಯಾರು ನಂಬುತ್ತಾರೆಂದು ಅವುಗಳ ಮೇಲೆ ಬರೆ ಹಾಕಿಸಿಕೊಂಡು ನೋವು ನುಂಗುತ್ತಾನೆ. ತನ್ನನ್ನೇ ವರಿಸುವೆನೆಂದು ಮನೆಗೆ ನುಗ್ಗಿ ಗೋಗರೆಯಲು ಗೇಶಾ ಒಬ್ಬಳಿಗೆ ಹಣ ಕೊಡುತ್ತಾನೆ, ಆ ಸುದ್ದಿಯನ್ನು ಅಚ್ಚು ಹಾಕಿಸಿ ಬೀದಿಯಲ್ಲಿ ಹಂಚಿಸುತ್ತಾನೆ. ಕೊನೆಗೆ ಉಕಿನಾ ಎಂಬ ಗಣಿಕೆಯನ್ನು ಹಣ ಕೊಟ್ಟು ಬಿಡಿಸಿ ತಂದು ಸುಳ್ಳು ಆತ್ಮಹತ್ಯೆಗೆ ಹೊರಡುತ್ತಾನೆ. ದಾರಿಯಲ್ಲಿ ಕಳ್ಳರು ಅಡ್ಡಗಟ್ಟಿ ಮೈಮೇಲಿನ ಬಟ್ಟೆ ಸುಲಿಯುತ್ತಾರೆ. ನಾಟಕಗಳಲ್ಲಿ ಜೋಡಿಗಳು ಕಾವ್ಯಮಯವಾಗಿ ಸಾವಿನತ್ತ ನಡೆಯುವ ದೃಶ್ಯವನ್ನು ಕ್ಯೋದೆನ್ ಹೀಗೆ, ಸೊಂಟದ ತುಂಡು ಬಟ್ಟೆಯಲ್ಲಿ, ನಡೆಸಿಬಿಡುತ್ತಾನೆ. ಆ ಕಳ್ಳರು ಬೇರೆ ಯಾರೂ ಅಲ್ಲ, ಮಗನಿಗೆ ಬುದ್ಧಿ ಕಲಿಸಲು ಬಂದ ಅಪ್ಪ ಮತ್ತು ಅಂಗಡಿಯ ಗುಮಾಸ್ತ.

ನಗು ಬಂತು, ನಿಜ. ಆದರೆ ಆ ನಾಟಕಗಳ ಬುಡದಲ್ಲಿ ನಿಜವಾದ ಹೆಣಗಳಿದ್ದವು. 1703ರಲ್ಲಿ ನಾಟಕಕಾರ ಚಿಕಾಮಾತ್ಸು ಒಸಾಕಾದ ಗೊಂಬೆಯಾಟಕ್ಕೆ ಬರೆದುಕೊಟ್ಟದ್ದು, ಸುಮಾರು ತಿಂಗಳ ಹಿಂದಷ್ಟೇ ಜೊತೆಯಾಗಿ ಪ್ರಾಣಬಿಟ್ಟ ಇಬ್ಬರ ಕಥೆ. ಅದರ ನಾಯಕ ತೋಕುಬೆ, ಸೋಯಾ ಸಾಸ್ ಅಂಗಡಿಯ ಕೆಲಸಗಾರ. ನಂಬಿದ ಗೆಳೆಯನೇ ಹಣ ಪಡೆದು ಮೋಸ ಮಾಡಿದಾಗ ಅವನಿಗೂ ಅವನ ಪ್ರೇಯಸಿ ಒಹಾತ್ಸುವಿಗೂ ಬೇರೆ ದಾರಿ ಉಳಿಯಲಿಲ್ಲ. ಇಂಥ ಸಾವುಗಳು ಹೆಚ್ಚಿದವೆಂದು 1723ರ ಹೊತ್ತಿಗೆ ಸರ್ಕಾರ ಆ ನಾಟಕಗಳನ್ನೇ ನಿಷೇಧಿಸಿತು. ಬದುಕುಳಿದ ಜೋಡಿಗಳನ್ನು ಮೂರು ದಿನ ಸಾರ್ವಜನಿಕರ ಕಣ್ಣೆದುರು ಕೂರಿಸುವ ಶಿಕ್ಷೆಯನ್ನೂ ತಂದಿತು. ಹಣವಿಲ್ಲದೆ ಸತ್ತವರ ದುಃಖದ ಸೊಬಗನ್ನು ಹಣವಿದ್ದವನು ಕೊಳ್ಳಲು ಹೋದದ್ದನ್ನೇ ಕ್ಯೋದೆನ್ ಗೇಲಿ ಮಾಡಿದ್ದಾನೆ ಎಂದು ನಾನು ನಂಬುತ್ತೇನೆ. ಸುಳ್ಳಿನ ಸಾವಾದರೂ ಮಾನ ಹೋಗುತ್ತದೆಂದು ಉಕಿನಾ ಮೊದಲು ಒಪ್ಪುವುದಿಲ್ಲ. ಇಡೀ ಪುಸ್ತಕದಲ್ಲಿ ನನ್ನ ಗೌರವ ಸಲ್ಲುವುದು ಅವಳಿಗೆ.

ಓದುತ್ತ ಓದುತ್ತ ನನಗೊಂದು ಅಳುಕು ಹತ್ತಿಕೊಂಡಿತು. ನನ್ನ ಮದುವೆಯ ಮಾತು ಮುರಿದುಬಿದ್ದ ವರ್ಷ ನಿನಗೆ ಬರೆದ ಪತ್ರಗಳಲ್ಲಿ ದುಃಖ ನಿಜದ್ದೇ ಆಗಿತ್ತು. ಆದರೂ ಪ್ರತಿ ವಾಕ್ಯವನ್ನೂ ಗಟ್ಟಿಯಾಗಿ ಓದಿ, ಕಿವಿಗೆ ಹಿತವಾಗಿದೆ ಎನಿಸಿದ ಮೇಲೆಯೇ ಕಳಿಸುತ್ತಿದ್ದೆ. ಅವಳ ಹೆಸರನ್ನು ಮಾತ್ರ ಎಲ್ಲೂ ಬರೆಯಲಿಲ್ಲ. ಆ ಹೆಸರಿಗೆ ಬಂದರೆ ಕೈ ನಿಲ್ಲುತ್ತಿತ್ತು. ಇದನ್ನು ಹೇಳಬೇಕೆಂದು ಕೂತವನಲ್ಲ ನಾನು.

ಇರಲಿ. ಎಂಜಿರೋನ ಮೂಗನ್ನು ನೀನು ನೋಡಲೇಬೇಕು: ಮೇಲಕ್ಕೆ ಹೊರಳಿದ ಮೊಂಡು ಮೂಗು. ಎದೋದ ಜನ ಒಣಜಂಬದವರನ್ನೆಲ್ಲ ಎಂಜಿರೋ ಎಂದೇ ಕರೆಯತೊಡಗಿದರು. ಆ ಪುಟವನ್ನು ಬೇರೆಯಾಗಿ ಕಳಿಸುತ್ತೇನೆ. ಹಾರ್ಮೋನಿಯಂ ಮೇಷ್ಟ್ರಿಗೆ ಮಾತ್ರ ತೋರಿಸಬೇಡ.

ನಿನ್ನ ಗೆಳೆಯ